ಇಲ್ಲಿ ಕುಳಿತು ಅಲ್ಲಿಯ ಗಣಕಯಂತ್ರವನ್ನು ನಡೆಸುವುದು ಹೇಗೆ?

ಲಡಾಖಿನ ಹಾನ್ಲೆ ಎಂಬ ಊರಿನ ಬಳಿ, ಬೆಟ್ಟವೊಂದರ ನೆತ್ತಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು ೪,೫೦೦ ಮೀಟರುಗಳ ಎತ್ತರದಲ್ಲಿ ದೊಡ್ಡ ದೂರದರ್ಶಕವೊಂದಿದೆ. ಅದರ ಕನ್ನಡಿಯ ಅಡ್ಡಳತೆ ಎರಡು ಮೀಟರು. ಅಲ್ಲಿಯ ಗಾಳಿ ತೆಳುವಾದುದು, ಒಣಗಿದುದು. ಆದುದರಿಂದ ನಕ್ಷತ್ರಗಳನ್ನು ನೋಡುವುದಕ್ಕೆ ಆ ಸ್ಥಳ ಬಹಳ ಅನುಕೂಲ. ಅದೇ ಕಾರಣದಿಂದ ಮನುಷ್ಯನ ಉಸಿರಾಟಕ್ಕೆ ಅದು ಅಷ್ಟೇ ಪ್ರತಿಕೂಲ. ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿ ಉಷ್ಣತೆ ಸೊನ್ನೆಗಿಂತ ಬಹು ಕೆಳಕ್ಕೆ ಇಳಿಯುವುದು. ಹೀಗಿದ್ದರೂ ಆ ದೂರದರ್ಶಕದಿಂದ ಆಕಾಶವನ್ನು ನೋಡಬಯಸುವ ವಿಜ್ಞಾನಿ ಬೆಟ್ಟ ಹತ್ತಬೇಕಾಗಿಲ್ಲ. ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಕೇಂದ್ರವೊಂದಿದೆ. ಅಲ್ಲಿಯ ಕೋಣೆಯಲ್ಲಿ ಕುಳಿತು, ಗಣಕಯಂತ್ರದ ಪರದೆಯನ್ನು ನೋಡುತ್ತ, ಆ ದೂರದರ್ಶಕವನ್ನು ಬೇಕಾದ ನಕ್ಷತ್ರದ ಕಡೆಗೆ ತಿರುಗಿಸಬಹುದು. ೨೦೦೦ನೆಯ ಇಸವಿಯಲ್ಲಿ ಮೊದಲ ಬೆಳಕನ್ನು ಕಂಡ ಈ ದೂರದರ್ಶಕವನ್ನು ಆರಂಭದಿಂದಲೇ ದೂರದಿಂದ ನಡೆಸತಕ್ಕ ಉದ್ದೇಶದಿಂದ ಕಟ್ಟಿದರು.

ಇಷ್ಟು ದೊಡ್ಡ ಪ್ರಮಾಣದಲ್ಲಿ ಅಲ್ಲದಿದ್ದರೂ, ಈ ಬಗೆಯ ಸೌಕರ್ಯವು ಇಂದು ಸಾಮಾನ್ಯರ ಕೈಗೂ ಎಟುಕಿದೆ. ಧಾರವಾಡದ ಮನೆಯಲ್ಲಿರುವ ವಿದ್ಯಾರ್ಥಿನಿ ಬೆಂಗಳೂರಿನ ಕಾಲೇಜಿನ ಪ್ರಯೋಗಶಾಲೆಯಲ್ಲಿರುವ ಗಣಕಯಂತ್ರವನ್ನು ನಡೆಸಬಲ್ಲಳು. ಹೊರದೇಶದಲ್ಲಿರುವ ಮಗನು ಹಳ್ಳಿಯಲ್ಲಿರುವ ತಂದೆಯ ಗಣಕಯಂತ್ರದ ತೊಡಕನ್ನು ಅಲ್ಲಿಂದಲೇ ಬಿಡಿಸಬಲ್ಲನು. ಇದಕ್ಕೆ ನೆರವಾಗುವ ತಂತ್ರಾಂಶಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎಂದು ಹೆಸರು. ಅದು ಹೇಗೆ ಕೆಲಸಮಾಡುತ್ತದೆ, ಅದರಿಂದ ಒದಗುವ ಪ್ರಯೋಜನವೇನು, ಅಪಾಯವೇನು ಎಂಬುದನ್ನು ನಾವು ಈ ಲೇಖನದಲ್ಲಿ ವಿಚಾರಮಾಡೋಣ.

ಕೆಲಸ ನಡೆಯುವುದೆಲ್ಲಿ?

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರಮಾಡಬೇಕು. ಧಾರವಾಡದ ವಿದ್ಯಾರ್ಥಿನಿಯು ಬೆಂಗಳೂರಿನ ಯಂತ್ರವನ್ನು ತೆರೆದಾಗ ಆ ಯಂತ್ರದೊಳಗಿನ ಕಡತಗಳೆಲ್ಲ ಅವಳ ಬಳಿಗೆ ಬರುತ್ತವೆಯೆಂದು ಹಲವರು ತಿಳಿಯುತ್ತಾರೆ. ಅದು ಹಾಗಲ್ಲ. ಕಡತಗಳು ಇದ್ದಲ್ಲಿಯೇ ಇರುತ್ತವೆ. ಲೆಕ್ಕ ನಡೆಯುವುದು ಬೆಂಗಳೂರಿನ ಯಂತ್ರದಲ್ಲಿ. ವಿದ್ಯುತ್ತು ಖರ್ಚಾಗುವುದು, ಯಂತ್ರ ಬಿಸಿಯಾಗುವುದು ಅಲ್ಲಿಯೇ. ಅವಳು ಬರೆದುದನ್ನು ‘ಉಳಿಸು’ ಎಂದರೆ ಅದು ಅಲ್ಲಿಯ ತಟ್ಟೆಯಲ್ಲಿಯೇ ಉಳಿಯುವುದು. ‘ಮುದ್ರಿಸು’ ಎಂದರೆ, ಬೇರೆ ಏರ್ಪಾಡು ಮಾಡದಿದ್ದ ಪಕ್ಷದಲ್ಲಿ, ಕಾಗದ ಹೊರಬರುವುದೂ ಅಲ್ಲಿಯ ಮುದ್ರಕದಿಂದಲೇ.

ಹಾಗಾದರೆ ದಾರಿಯಲ್ಲಿ ಸಂಚರಿಸುವುದೇನು? ಎರಡೇ ವಸ್ತುಗಳು. ಅವಳು ಕೀಲಿಮಣೆಯ ಮೇಲೆ ಒತ್ತಿದ ಕೀಲಿಗಳ ಮತ್ತು ಸರಿಸಿದ ಮೌಸಿನ ಸಮಾಚಾರವು ಧಾರವಾಡದಿಂದ ಬೆಂಗಳೂರಿಗೆ ಹೋಗುವುದು. ಬೆಂಗಳೂರಿನ ಪರದೆಯ ಚಿತ್ರವು ಧಾರವಾಡಕ್ಕೆ ಬರುವುದು. ಸಂಕ್ಷೇಪವಾಗಿ ಹೇಳುವುದಾದರೆ ಕೈಯೊಂದು ಅತ್ತ ಹೋಗುತ್ತದೆ, ಕಣ್ಣಿಗೆ ಬೇಕಾದುದು ಇತ್ತ ಬರುತ್ತದೆ. ಮೈಯೂ ಮಿದುಳೂ ಇದ್ದಲ್ಲಿಯೇ ಇರುತ್ತವೆ. ಈ ಒಂದು ಮಾತನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟರೆ ಮುಂದಿನದೆಲ್ಲವೂ ಇದರಿಂದಲೇ ಹೊರಡುವುದನ್ನು ಕಾಣಬಹುದು.

ಹಿಂದಿನ ಹೆಜ್ಜೆಗಳು

ಈ ಕಲ್ಪನೆ ಹೊಸದಲ್ಲ. ೧೯೪೦ರ ಸೆಪ್ಟೆಂಬರ್ ೧೧ರಂದು ಅಮೆರಿಕದ ಹ್ಯಾನೋವರ್ ಊರಿನ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತಜ್ಞರ ಸಭೆ ನಡೆಯಿತು. ಬೆಲ್ ಪ್ರಯೋಗಾಲಯದ ಜಾರ್ಜ್ ಸ್ಟಿಬಿಟ್ಸ್ ಎಂಬುವರು ಅಲ್ಲಿ ಒಂದು ಟೆಲಿಟೈಪ್ ಯಂತ್ರವನ್ನು ಇರಿಸಿದ್ದರು. ಲೆಕ್ಕ ಮಾಡುವ ಯಂತ್ರವಿದ್ದುದು ನ್ಯೂಯಾರ್ಕಿನಲ್ಲಿ. ಸಭೆಯಲ್ಲಿದ್ದವರು ಸಂಮಿಶ್ರ ಸಂಖ್ಯೆಗಳ ಲೆಕ್ಕವನ್ನು ಟೆಲಿಟೈಪಿನಲ್ಲಿ ಒತ್ತಿದರೆ, ಅದು ತಂತಿಯ ಮೂಲಕ ನ್ಯೂಯಾರ್ಕಿಗೆ ಹೋಗಿ, ಉತ್ತರವು ಅದೇ ತಂತಿಯಲ್ಲಿ ಮರಳಿ ಕಾಗದದ ಮೇಲೆ ಅಚ್ಚಾಗುತ್ತಿತ್ತು. ದೂರದಿಂದ ಗಣಕಯಂತ್ರವನ್ನು ನಡೆಸಿದ ಮೊದಲ ಪ್ರದರ್ಶನವೆಂದು ಇದನ್ನು ಎಣಿಸುತ್ತಾರೆ.

ಅಲ್ಲಿ ಸಂಚರಿಸಿದುದು ಅಂಕಿಗಳು ಮಾತ್ರ. ಚಿತ್ರವನ್ನು ಕಳುಹಿಸಿದವರು ಡಗ್ಲಾಸ್ ಎಂಗೆಲ್‌ಬರ್ಟ್ ಮತ್ತು ಅವರ ಸಂಗಡಿಗರು. ೧೯೬೮ರ ಡಿಸೆಂಬರ್ ೯ರಂದು ಅವರು ಸ್ಯಾನ್‌ಫ್ರಾನ್ಸಿಸ್ಕೋ ನಗರದ ಸಭಾಭವನದಲ್ಲಿ ಕುಳಿತು ಸುಮಾರು ೫೦ ಕಿಲೋಮೀಟರು ದೂರದ ಮೆನ್ಲೋಪಾರ್ಕಿನಲ್ಲಿದ್ದ ಗಣಕಯಂತ್ರವನ್ನು ನಡೆಸಿ ತೋರಿಸಿದರು. ಕೀಲಿಮಣೆ ಮತ್ತು ಮೌಸಿನ ಸಂಜ್ಞೆಗಳು ದೂರವಾಣಿಯ ತಂತಿಯ ಮೇಲೆ ಹೋದುವು. ಪರದೆಯ ಚಿತ್ರವು ಸೂಕ್ಷ್ಮತರಂಗಗಳ ಮೂಲಕ ಟೆಲಿವಿಷನ್ ಚಿತ್ರದಂತೆ ಬಂದಿತು. ಕೈ ಅತ್ತ, ಕಣ್ಣಿನ ನೋಟ ಇತ್ತ ಎಂಬ ತತ್ತ್ವವು ಇಲ್ಲಿ ಪೂರ್ಣವಾಗಿ ಕಾಣಿಸಿಕೊಂಡಿತು.

ಆದರೆ ಅದಕ್ಕೆ ಬೇಕಾದ ಸಲಕರಣೆ ಎಲ್ಲರಿಗೂ ಸಿಕ್ಕತಕ್ಕುದಲ್ಲ. ಸಾಧಾರಣ ಜಾಲದ ಮೇಲೆ, ಸಾಧಾರಣ ಯಂತ್ರಗಳ ನಡುವೆ ಇದನ್ನು ಸಾಧಿಸಿದ ಪ್ರಯತ್ನಗಳಲ್ಲಿ ಪ್ರಸಿದ್ಧವಾದುದು ಇಂಗ್ಲೆಂಡಿನ ಕೇಂಬ್ರಿಜ್ ನಗರದ ಆಲಿವೆಟ್ಟಿ ಸಂಶೋಧನಾಲಯದ್ದು. ಅಲ್ಲಿ ಹುಟ್ಟಿದ ‘ವಿಎನ್‌ಸಿ’ ಎಂಬ ತಂತ್ರಾಂಶವನ್ನು ೧೯೯೮ರಲ್ಲಿ ಎಲ್ಲರೂ ಉಚಿತವಾಗಿ ಬಳಸುವಂತೆ ಬಿಡುಗಡೆಮಾಡಿದರು. ಅದೇ ವರ್ಷ ಮೈಕ್ರೋಸಾಫ್ಟ್ ಕಂಪನಿಯೂ ಇದೇ ಉದ್ದೇಶದ ತನ್ನ ಪದ್ಧತಿಯನ್ನು ಹೊರತಂದಿತು. ವಿಎನ್‌ಸಿಯ ರಚನೆ ಬಹಳ ಸರಳವಾದುದು; ಆದುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಚಿತ್ರದ ತೂಕ

ಪರದೆಯ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚುಕ್ಕೆಗಳಿಂದ ಆದುದು. ಸಾಮಾನ್ಯವಾದ ಒಂದು ಪರದೆಯಲ್ಲಿ ಅಡ್ಡಲಾಗಿ ೧,೯೨೦, ಉದ್ದಕ್ಕೆ ೧,೦೮೦ ಚುಕ್ಕೆಗಳಿರುತ್ತವೆ. ಗುಣಿಸಿದರೆ ೨೦,೭೩,೬೦೦ ಚುಕ್ಕೆಗಳಾದುವು. ಪ್ರತಿಯೊಂದು ಚುಕ್ಕೆಯ ಬಣ್ಣವನ್ನು ಹೇಳುವುದಕ್ಕೆ ೨೪ ಬಿಟ್‌ಗಳು ಬೇಕು. ಬಿಟ್ ಎಂದರೆ ಸೊನ್ನೆ ಇಲ್ಲವೆ ಒಂದು ಎಂಬ ಒಂದು ಗುರುತು. ಅಂದರೆ ಒಂದು ಪೂರ್ಣಚಿತ್ರಕ್ಕೆ ಸುಮಾರು ೪ ಕೋಟಿ ೯೮ ಲಕ್ಷ ಬಿಟ್‌ಗಳು. ಚಲನೆ ಕಣ್ಣಿಗೆ ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ ಇಂಥ ೩೦ ಚಿತ್ರಗಳಾದರೂ ಬರಬೇಕೆಂದು ಇಟ್ಟುಕೊಳ್ಳೋಣ. ಆಗ ಸೆಕೆಂಡಿಗೆ ಸುಮಾರು ೧೫೦ ಕೋಟಿ ಬಿಟ್‌ಗಳು ಹರಿಯಬೇಕಾಗುವುದು. ಮನೆಯ ಅಂತರಜಾಲ ಸಂಪರ್ಕವು ೧೦೦ ಮೆಗಾಬಿಟ್ ವೇಗದ್ದಾದರೆ ಅದರಲ್ಲಿ ಸೆಕೆಂಡಿಗೆ ೧೦ ಕೋಟಿ ಬಿಟ್‌ಗಳು ಮಾತ್ರ ಹರಿಯಬಲ್ಲವು. ಬೇಕಾದುದರ ಹದಿನೈದನೆಯ ಒಂದು ಪಾಲಷ್ಟೆ! ಹೀಗಿದ್ದರೂ ರಿಮೋಟ್ ಡೆಸ್ಕ್‌ಟಾಪ್ ಸುಲಭವಾಗಿ ನಡೆಯುತ್ತದಲ್ಲವೆ? ಇದರ ಗುಟ್ಟೇನು?

ಗುಟ್ಟು ಮಿತವ್ಯಯದಲ್ಲಿದೆ. ನಾವು ಬರೆಯುತ್ತಿರುವಾಗ ಪರದೆಯ ಬಹುಭಾಗ ಅಲುಗಾಡದೆ ಇರುತ್ತದೆ. ಒಂದು ಅಕ್ಷರವನ್ನು ಒತ್ತಿದರೆ ಬದಲಾಗುವುದು ಆ ಅಕ್ಷರದಷ್ಟೇ ಜಾಗ. ಅದು ೧೦ ಚುಕ್ಕೆ ಅಗಲ, ೨೦ ಚುಕ್ಕೆ ಎತ್ತರವೆಂದರೆ ೨೦೦ ಚುಕ್ಕೆಗಳು, ೪,೮೦೦ ಬಿಟ್‌ಗಳು. ಪೂರ್ಣಚಿತ್ರದ ಹತ್ತುಸಾವಿರದಲ್ಲಿ ಒಂದು ಪಾಲೂ ಆಗಲಿಲ್ಲ. ಆದುದರಿಂದ ದೂರದ ಯಂತ್ರವು ಇಡೀ ಚಿತ್ರವನ್ನು ಒಮ್ಮೆ ಮಾತ್ರ ಕಳುಹಿಸಿ, ಅನಂತರ ಬದಲಾದ ಆಯತಗಳನ್ನು ಮಾತ್ರ ಕಳುಹಿಸುತ್ತ ಹೋಗುವುದು.

ಇನ್ನೊಂದು ಜಾಣತನವೂ ಉಂಟು. ಪರದೆಯ ಮೇಲಿನ ಒಂದು ಕಿಟಕಿಯನ್ನು ಎಡದಿಂದ ಬಲಕ್ಕೆ ಎಳೆದೆವೆನ್ನೋಣ. ಅದು ೮೦೦ ಚುಕ್ಕೆ ಅಗಲ, ೬೦೦ ಚುಕ್ಕೆ ಎತ್ತರವಾಗಿದ್ದರೆ ಅದರ ಚಿತ್ರಕ್ಕೆ ೧,೧೫,೨೦,೦೦೦ ಬಿಟ್‌ಗಳು ಬೇಕು. ಆದರೆ ಆ ಚಿತ್ರವು ನಮ್ಮ ಬಳಿ ಆಗಲೇ ಇದೆ. ಸ್ಥಳ ಮಾತ್ರ ಬೇರೆ. ಹೀಗಿರುವುದರಿಂದ ವಿಎನ್‌ಸಿಯು “ಇಂಥ ಸ್ಥಳದಲ್ಲಿರುವ ಆಯತವನ್ನು ಇಂಥ ಸ್ಥಳಕ್ಕೆ ನಕಲುಮಾಡಿಕೊ” ಎಂಬ ಅಪ್ಪಣೆಯನ್ನಷ್ಟೆ ಕಳುಹಿಸುತ್ತದೆ. ಆ ಅಪ್ಪಣೆಗೆ ೧೬ ಬೈಟ್‌ಗಳು, ಎಂದರೆ ೧೨೮ ಬಿಟ್‌ಗಳು ಸಾಕು. ಉಳಿತಾಯವು ತೊಂಬತ್ತು ಸಾವಿರ ಪಟ್ಟು! ಕಿಟಕಿ ಸರಿದಾಗ ಅದರ ಹಿಂದಿನಿಂದ ಹೊರಬಿದ್ದ ಜಾಗವನ್ನು ಮಾತ್ರ ಬೇರೆಯಾಗಿ ಕಳುಹಿಸಬೇಕಾಗುವುದು.

ಮೂರನೆಯದಾಗಿ, ಚಿತ್ರವನ್ನು ಕೇಳುವವರು ನಾವು. ನಮ್ಮ ಯಂತ್ರವು “ಬದಲಾವಣೆ ಏನಾದರೂ ಆಗಿದ್ದರೆ ತಿಳಿಸು” ಎಂದು ಕೇಳಿದ ಮೇಲೆಯೇ ದೂರದ ಯಂತ್ರವು ಕಳುಹಿಸುವುದು. ದಾರಿ ನಿಧಾನವಾಗಿದ್ದರೆ ನಮ್ಮ ಯಂತ್ರ ಕೇಳುವುದೂ ನಿಧಾನವಾಗುವುದು. ನಡುವೆ ಆದ ಹತ್ತು ಬದಲಾವಣೆಗಳ ಕೊನೆಯ ರೂಪ ಮಾತ್ರ ಬರುವುದು. ಚಿತ್ರ ಕುಂಟಬಹುದು, ಆದರೆ ರಾಶಿಬಿದ್ದು ದಾರಿ ಕಟ್ಟಿಹೋಗುವುದಿಲ್ಲ. ಸಿನಿಮಾ ಚಿತ್ರವನ್ನು ದೂರದ ಯಂತ್ರದಲ್ಲಿ ಓಡಿಸಿದರೆ ಅದು ತಡೆತಡೆದು ಕಾಣುವುದೇಕೆ ಎಂಬುದು ಈಗ ತಿಳಿಯಿತಷ್ಟೆ? ಅಲ್ಲಿ ಕ್ಷಣಕ್ಷಣಕ್ಕೂ ಇಡೀ ಚಿತ್ರವೇ ಬದಲಾಗುವುದರಿಂದ ಮಿತವ್ಯಯಕ್ಕೆ ಅವಕಾಶ ಕಡಮೆ.

ಕೈಯ ಸಮಾಚಾರ

ಚಿತ್ರ ಬರುವ ದಾರಿಗೆ ಹೋಲಿಸಿದರೆ ಕೈಯ ಸಮಾಚಾರ ಹೋಗುವ ದಾರಿಯ ಹೊರೆ ತೀರ ಹಗುರ. ವಿಎನ್‌ಸಿಯಲ್ಲಿ ಒಂದು ಕೀಲಿಯನ್ನು ಒತ್ತಿದ ಸುದ್ದಿಗೆ ೮ ಬೈಟ್‌ಗಳು, ಬಿಟ್ಟ ಸುದ್ದಿಗೆ ಮತ್ತೆ ೮ ಬೈಟ್‌ಗಳು, ಮೌಸು ಎಲ್ಲಿದೆ, ಅದರ ಯಾವ ಗುಂಡಿ ಒತ್ತಿದೆ ಎಂಬ ಸುದ್ದಿಗೆ ೬ ಬೈಟ್‌ಗಳು. ಅಷ್ಟೆ.

ಇಲ್ಲಿ ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಸಂಗತಿಯೊಂದಿದೆ. ಕೆಲವು ಪದ್ಧತಿಗಳಲ್ಲಿ ಅತ್ತ ಹೋಗುವುದು ಅಕ್ಷರವಲ್ಲ, ಒತ್ತಿದ ಕೀಲಿಯ ಸ್ಥಾನವನ್ನು ತಿಳಿಸುವ ಸಂಖ್ಯೆ. ಆ ಸಂಖ್ಯೆಯನ್ನು ಯಾವ ಅಕ್ಷರವಾಗಿ ಓದಬೇಕೆಂದು ನಿರ್ಧರಿಸುವುದು ದೂರದ ಯಂತ್ರ. ಆದುದರಿಂದ ಕನ್ನಡದ ಕೀಲಿಮಣೆಯ ಏರ್ಪಾಡು ನಮ್ಮ ಯಂತ್ರದಲ್ಲಿದ್ದು ಅಲ್ಲಿ ಇಲ್ಲದಿದ್ದರೆ, ನಾವು ‘ಕ’ ಎಂದು ಒತ್ತಿದುದು ಅಲ್ಲಿ ಇಂಗ್ಲಿಷಿನ ‘ಕೆ’ ಆಗಿ ಮೂಡಬಹುದು. ಕೈ ನಮ್ಮದಾದರೂ ಬರೆಯುವುದು ಆ ಯಂತ್ರವೇ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕಾಲದ ತಡ

ದಾರಿ ಎಷ್ಟು ಅಗಲವಾದರೂ ಅದರ ಉದ್ದವನ್ನು ಕಡಮೆಮಾಡುವಂತಿಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಸಾಗುವುದು. ಧಾರವಾಡಕ್ಕೂ ಬೆಂಗಳೂರಿಗೂ ನಡುವೆ ಹೋಗಿಬರುವ ದಾರಿಗೆ ಸೆಕೆಂಡಿನ ಸಾವಿರದಲ್ಲಿ ನಾಲ್ಕೈದು ಪಾಲು ಸಾಕು. ನಡುವಿನ ಸಲಕರಣೆಗಳು ಇನ್ನಷ್ಟು ಕಾಲವನ್ನು ತೆಗೆದುಕೊಂಡರೂ ನಮ್ಮ ಬೆರಳಿಗೆ ಆ ತಡ ಅಷ್ಟಾಗಿ ತಿಳಿಯುವುದಿಲ್ಲ.

ಹಾನ್ಲೆಯ ಸಂಗತಿ ಬೇರೆ. ಆ ಬೆಟ್ಟವನ್ನು ಹೊಸಕೋಟೆಯೊಡನೆ ಕೂಡಿಸುವುದಕ್ಕೆ ಕೃತಕ ಉಪಗ್ರಹದ ಸಂಪರ್ಕವನ್ನು ಏರ್ಪಡಿಸಿದರು. ಭೂಮಿಯೊಡನೆ ಸಮವಾಗಿ ಸುತ್ತುವ ಸಂಪರ್ಕ ಉಪಗ್ರಹವು ಸಮಭಾಜಕ ವೃತ್ತದ ಮೇಲೆ ೩೫,೭೮೬ ಕಿಲೋಮೀಟರು ಎತ್ತರದಲ್ಲಿರುತ್ತದೆ. ಅಪ್ಪಣೆಯು ಮೇಲಕ್ಕೆ ಹೋಗಿ ಕೆಳಕ್ಕೆ ಇಳಿಯುವುದಕ್ಕೆ ಸುಮಾರು ೭೨,೦೦೦ ಕಿಲೋಮೀಟರು. ರೇಡಿಯೋ ಅಲೆಗೆ ಇದು ಸುಮಾರು ಕಾಲು ಸೆಕೆಂಡಿನ ದಾರಿ. ಉತ್ತರ ಮರಳುವುದಕ್ಕೆ ಇನ್ನೂ ಕಾಲು ಸೆಕೆಂಡು. ಒತ್ತಿದ ಅರ್ಧ ಸೆಕೆಂಡಿನ ಅನಂತರ ಫಲವನ್ನು ಕಾಣುವ ಕೈಯಿಂದ ನಾಜೂಕಾದ ಕೆಲಸ ಮಾಡುವುದು ಕಷ್ಟ. ಇಂಥ ಕಡೆ ದೂರದರ್ಶಕವನ್ನು ಕೂದಲೆಳೆಯಷ್ಟು ಅತ್ತಿತ್ತ ಜರುಗಿಸುತ್ತ ಕೂಡುವುದಕ್ಕಿಂತ, “ಈ ನಕ್ಷತ್ರದ ಕಡೆಗೆ ತಿರುಗು” ಎಂಬ ಒಂದೇ ಅಪ್ಪಣೆಯನ್ನು ಕೊಟ್ಟು, ಉಳಿದ ಲೆಕ್ಕವನ್ನು ಅಲ್ಲಿಯ ಗಣಕಯಂತ್ರಕ್ಕೆ ಬಿಡುವುದು ಮೇಲು.

ದೂರ ಇನ್ನೂ ಹೆಚ್ಚಿದರೆ ಕೈಯನ್ನು ಪೂರ್ತಿಯಾಗಿ ಬಿಡಲೇಬೇಕಾಗುವುದು. ಚಂದ್ರನಿಗೆ ಸಂಜ್ಞೆ ಹೋಗಿಬರುವುದಕ್ಕೆ ಎರಡೂವರೆ ಸೆಕೆಂಡಿಗಿಂತ ಹೆಚ್ಚು ಕಾಲ ಬೇಕು. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ರ ಇಳಿನೌಕೆಯು ಚಂದ್ರನ ಮೇಲೆ ಇಳಿದಾಗ, ಕೊನೆಯ ಇಳಿತವನ್ನು ಅದು ತನ್ನೊಳಗಿನ ಗಣಕಯಂತ್ರದ ಬಲದಿಂದಲೇ ನಡೆಸಿತು, ಬೆಂಗಳೂರಿನಲ್ಲಿದ್ದವರು ನೋಡುತ್ತಿದ್ದರು. ತಡವು ಹೆಚ್ಚಿದಷ್ಟೂ ಬುದ್ಧಿಯನ್ನು ಅತ್ತ ಕಡೆಯೇ ಇರಿಸಬೇಕೆಂಬುದು ಇದರಿಂದ ತಿಳಿದುಬರುವ ಪಾಠ.

ಬಾಗಿಲು ಮತ್ತು ಬೀಗ

ಮನೆಯ ಗಣಕಯಂತ್ರವನ್ನು ಹೊರಗಿನಿಂದ ಮುಟ್ಟುವುದಕ್ಕೆ ಇನ್ನೊಂದು ತೊಡಕುಂಟು. ಸಾಮಾನ್ಯವಾಗಿ ಒಂದು ಮನೆಯ ಯಂತ್ರಗಳೆಲ್ಲ ರೌಟರ್ ಎಂಬ ಒಂದೇ ಪೆಟ್ಟಿಗೆಯ ಹಿಂದೆ, ಹೊರಜಗತ್ತಿಗೆ ಒಂದೇ ವಿಳಾಸದಿಂದ ಕಾಣುತ್ತವೆ. ಒಳಗಿನಿಂದ ಹೊರಟ ಪ್ರಶ್ನೆಗೆ ಬಂದ ಉತ್ತರವನ್ನು ಆ ಪೆಟ್ಟಿಗೆ ಸರಿಯಾದ ಯಂತ್ರಕ್ಕೆ ತಲುಪಿಸಬಲ್ಲದು. ಆದರೆ ಕರೆಯದೆ ಹೊರಗಿನಿಂದ ಬಂದುದನ್ನು ಯಾವ ಯಂತ್ರಕ್ಕೆ ಕೊಡಬೇಕೆಂದು ಅದಕ್ಕೆ ತಿಳಿಯದು. ಇದನ್ನು ದಾಟುವುದಕ್ಕೆ ಹಲವು ತಂತ್ರಾಂಶಗಳು ನಡುವೆ ಒಂದು ಸರ್ವರನ್ನು ಇರಿಸುತ್ತವೆ. ಎರಡು ಕಡೆಯ ಯಂತ್ರಗಳೂ ತಾವಾಗಿ ಹೊರಟು ಅಲ್ಲಿ ಸಂಧಿಸುತ್ತವೆ. ಯಾವ ಯಂತ್ರ ಯಾವುದನ್ನು ಸೇರಬೇಕೆಂಬುದನ್ನು ಗುರುತಿಸುವುದಕ್ಕೆ ಒಂದು ಸಂಖ್ಯೆ ಇರುತ್ತದೆ.

ಇನ್ನು ಬೀಗದ ವಿಷಯ. ವಿಎನ್‌ಸಿಯ ಮೊದಲ ಪದ್ಧತಿಯಲ್ಲಿ ಗುಪ್ತಪದವನ್ನು ತಂತಿಯ ಮೇಲೆ ಕಳುಹಿಸುವುದಿಲ್ಲ. ದೂರದ ಯಂತ್ರವು ಮನಸ್ಸಿಗೆ ಬಂದ ೧೬ ಬೈಟ್‌ಗಳ ಸಂಖ್ಯೆಯೊಂದನ್ನು ಒಡ್ಡುವುದು. ನಮ್ಮ ಯಂತ್ರವು ಗುಪ್ತಪದವನ್ನು ಕೀಲಿಯಾಗಿ ಬಳಸಿ ಅದನ್ನು ಗೂಢಲಿಪಿಗೆ ತಿರುಗಿಸಿ ಮರಳಿಸುವುದು. ಎರಡೂ ಕಡೆಯ ಫಲ ಒಂದೇ ಆದರೆ ಬಾಗಿಲು ತೆರೆಯುವುದು. ಉಪಾಯ ಚೆನ್ನಾಗಿದೆ, ಆದರೆ ಗುಪ್ತಪದದ ಮೊದಲ ಎಂಟು ಅಕ್ಷರಗಳನ್ನು ಮಾತ್ರ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಮೇಲಾಗಿ ಬಾಗಿಲು ತೆರೆದ ಮೇಲೆ ಚಿತ್ರಗಳೂ ಕೀಲಿಗಳೂ ಮರೆಯಿಲ್ಲದೆ ಸಂಚರಿಸುತ್ತವೆ. ದಾರಿಯಲ್ಲಿ ಹೊಂಚುಹಾಕಿದವನು ಅವನ್ನು ಓದಬಲ್ಲನು. ಈ ಕಾರಣದಿಂದ ಇಂಥ ಸಂಪರ್ಕವನ್ನು ಗೂಢಲಿಪಿಯ ಸುರಂಗವೊಂದರೊಳಗೆ ಹಾಯಿಸುವುದು ವಾಡಿಕೆಯಾಯಿತು. ೧೯೯೫ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ‘ಎಸ್‌ಎಸ್‌ಎಚ್’ ಇದಕ್ಕೆ ಒದಗುವ ಒಂದು ಸಾಧನ. ಈಗಿನ ಹಲವು ತಂತ್ರಾಂಶಗಳಲ್ಲಿ ಗೂಢಲಿಪಿ ಮೊದಲಿನಿಂದಲೇ ಸೇರಿರುತ್ತದೆ.

ಬೀಗವನ್ನು ನಾವೇ ತೆರೆದುಕೊಟ್ಟರೆ?

ಆದರೆ ಎಂಥ ಬೀಗವೂ ಯಜಮಾನನೇ ಬಾಗಿಲು ತೆರೆದಾಗ ತಡೆಯಲಾರದು. ಯಂತ್ರಕ್ಕೆ ಮುಖ ನೋಡುವ ಶಕ್ತಿಯಿಲ್ಲ. ಒಪ್ಪಿಗೆ ಪಡೆದು ಒಳಬಂದ ಕೈಯನ್ನು ಅದು ಯಜಮಾನನ ಕೈಯೆಂದೇ ಭಾವಿಸುತ್ತದೆ. ನಮ್ಮ ದೇಶದಲ್ಲಿ ವಂಚಕರು ಹಿಡಿದಿರುವ ದಾರಿ ಇದೇ. ೨೦೧೯ರ ಫೆಬ್ರವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಈ ವಿಷಯವಾಗಿ ಬ್ಯಾಂಕುಗಳನ್ನು ಎಚ್ಚರಿಸಿತು. ವಂಚಕನು ಬ್ಯಾಂಕಿನವನೆಂದೋ ಕಂಪನಿಯವನೆಂದೋ ಹೇಳಿಕೊಂಡು ದೂರವಾಣಿಯಲ್ಲಿ ಮಾತನಾಡುತ್ತಾನೆ. ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶವೊಂದನ್ನು ಮೊಬೈಲಿಗೆ ಇಳಿಸಿಕೊಳ್ಳಿರೆನ್ನುತ್ತಾನೆ. ಅದರಲ್ಲಿ ಕಾಣುವ ಒಂಬತ್ತು ಅಂಕಿಗಳ ಸಂಖ್ಯೆಯನ್ನು ಕೇಳುತ್ತಾನೆ. ಅದನ್ನು ಹೇಳಿ, ಅನಂತರ ಬರುವ ಒಪ್ಪಿಗೆಯ ಗುಂಡಿಯನ್ನೂ ಒತ್ತಿದರೆ ಮುಗಿಯಿತು.

“ಬ್ಯಾಂಕಿನಿಂದ ಬರುವ ಒಟಿಪಿಯನ್ನು ನಾನು ಯಾರಿಗೂ ಹೇಳುವುದಿಲ್ಲ, ನನಗೇನು ಭಯ?” ಎಂದು ಕೆಲವರು ಕೇಳಬಹುದು. ಮೊದಲು ಹೇಳಿದ ತತ್ತ್ವವನ್ನು ನೆನೆದರೆ ಇದಕ್ಕೆ ಉತ್ತರ ತಾನಾಗಿ ಹೊಳೆಯುವುದು. ಇಲ್ಲಿಂದ ಅತ್ತ ಹೋಗುತ್ತಿರುವುದೇ ಪರದೆಯ ಚಿತ್ರ. ಒಟಿಪಿಯು ಪರದೆಯ ಮೇಲೆ ಮೂಡಿದೊಡನೆ ಅದರ ಚಿತ್ರವೂ ವಂಚಕನ ಪರದೆಯ ಮೇಲೆ ಮೂಡಬಲ್ಲದು. ಬಾಯಿಬಿಟ್ಟು ಹೇಳಬೇಕಾದುದೇ ಇಲ್ಲ.

ಹಾಗೆಂದು ಈ ಸಾಧನವನ್ನೇ ದೂರವಿಡಬೇಕೆಂದು ನಾವು ಹೇಳುವುದಿಲ್ಲ. ಮಗನು ತಂದೆಗೆ ಮಾಡುವ ನೆರವೂ ವಂಚಕನು ಮಾಡುವ ಮೋಸವೂ ಒಂದೇ ಯಂತ್ರವಿಧಾನದಿಂದ ನಡೆಯುತ್ತವೆ. ಎರಡನ್ನೂ ಬೇರ್ಪಡಿಸುವ ಪ್ರಶ್ನೆ ಒಂದೇ: ನೆರವನ್ನು ಬೇಡಿ ಕರೆದವರು ನಾವೋ, ಅಥವಾ ನೆರವಾಗುತ್ತೇನೆಂದು ತಾನಾಗಿ ಬಂದವನು ಅವನೋ? ತಾನಾಗಿ ಬಂದವನಿಗೆ ಸಂಖ್ಯೆಯನ್ನು ಕೊಡಕೂಡದು. ನಾವೇ ಕರೆದವರಾದರೂ ಕೆಲಸ ಮುಗಿಯುವವರೆಗೆ ಪರದೆಯ ಮುಂದೆಯೇ ಇದ್ದು, ಮುಗಿದೊಡನೆ ಸಂಪರ್ಕವನ್ನು ಕಡಿಯಬೇಕು. ಆ ಹೊತ್ತಿನಲ್ಲಿ ಬ್ಯಾಂಕಿನ ವ್ಯವಹಾರವನ್ನು ತೆರೆಯಬಾರದು. ಮೋಸವಾಗಿದೆಯೆಂದು ಸಂಶಯ ಬಂದರೆ ಮೊದಲು ಅಂತರಜಾಲದ ಸಂಪರ್ಕವನ್ನು ಕಿತ್ತು, ತಡಮಾಡದೆ ತಮ್ಮ ಬ್ಯಾಂಕಿಗೂ ೧೯೩೦ ಎಂಬ ಸಹಾಯವಾಣಿಗೂ ತಿಳಿಸಬೇಕು. ಈ ಮಾತನ್ನು ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರಿಗೂ ಹೇಳಿಕೊಟ್ಟರೆ ಈ ಪಾಠದ ಫಲ ಇಮ್ಮಡಿಯಾಗುವುದು.

ಮಾಡಿನೋಡಿ

ಮನೆಯಲ್ಲಿ ಇಲ್ಲವೆ ಕಾಲೇಜಿನಲ್ಲಿ ಎರಡು ಗಣಕಯಂತ್ರಗಳು ದೊರೆತರೆ, ಅವುಗಳ ಯಜಮಾನರ ಒಪ್ಪಿಗೆ ಪಡೆದು, ಒಂದರಿಂದ ಇನ್ನೊಂದನ್ನು ತೆರೆಯಿರಿ. ಮೊದಲು ಒಂದು ಪುಟವನ್ನು ಬರೆಯಿರಿ. ಅನಂತರ ಕಿಟಕಿಯೊಂದನ್ನು ಅತ್ತಿತ್ತ ಎಳೆಯಿರಿ. ಕೊನೆಗೆ ಚಲನಚಿತ್ರವೊಂದನ್ನು ಓಡಿಸಿರಿ. ಪ್ರತಿಯೊಂದರಲ್ಲಿಯೂ ಜಾಲದ ಮೇಲೆ ಹರಿಯುವ ಹೊರೆ ಎಷ್ಟೆಂಬುದನ್ನು ಯಂತ್ರವೇ ತೋರಿಸುತ್ತದೆ. ಮೂರನ್ನೂ ಬರೆದಿಟ್ಟು ಹೋಲಿಸಿರಿ. ಬಳಿಕ ಬರೆದ ಪುಟವನ್ನು ಉಳಿಸಿ, ಸಂಪರ್ಕವನ್ನು ಕಡಿದು, ಅದು ಯಾವ ಯಂತ್ರದಲ್ಲಿದೆಯೆಂದು ಹುಡುಕಿರಿ.

ಇನ್ನೊಂದು ಪ್ರಶ್ನೆಯನ್ನು ನಿಮ್ಮ ಯೋಚನೆಗೆ ಬಿಡುತ್ತೇವೆ. ‘ಅ’ ಯಂತ್ರದಿಂದ ‘ಬ’ ಯಂತ್ರದ ಪರದೆಯನ್ನು ನೋಡುತ್ತಿರುವಾಗ, ಆ ‘ಬ’ ಯಂತ್ರದಿಂದ ಮತ್ತೆ ‘ಅ’ ಯಂತ್ರದ ಪರದೆಯನ್ನು ತೆರೆದರೆ ಏನು ಕಾಣಿಸೀತು? ಕ್ಷೌರದಂಗಡಿಯಲ್ಲಿ ಎದುರುಬದುರಾಗಿ ತೂಗುಹಾಕಿದ ಎರಡು ಕನ್ನಡಿಗಳನ್ನು ನೆನೆದುಕೊಂಡು ಉತ್ತರವನ್ನು ಊಹಿಸಿರಿ, ಆಮೇಲೆ ಮಾಡಿನೋಡಿರಿ.